ಬೇಲಿಯೇ ಎದ್ದು ಹೊಲ ಮೇಯ್ದ ಕತೆ: ಸುಳ್ಳು ಆಂಟಿವೈರಸ್ಸಿನ ಇತಿಹಾಸ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಹುಟ್ಟಿದ್ದು. ಆದರೆ ಅದರ ಅರ್ಥ ಪಟ್ಟಣದಲ್ಲಿ ನೆಲೆಸಿದ ನಮಗೇ ಹೆಚ್ಚು ತಿಳಿಯುತ್ತದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದದ ಹಗರಣವನ್ನು ಓದುಗರು ಮರೆತಿರಲಾರರು. ವ್ಯವಹಾರಕ್ಕೆ ಭದ್ರತೆ ಇರಲೆಂದು ಕೊಳ್ಳುವ ಕಾಗದವೇ ಖೋಟಾ ಆಗಿತ್ತು. ಅದನ್ನು ಕೊಂಡವನು ಭದ್ರತೆಗೆಂದೇ ಹಣ ಕೊಟ್ಟು ಅಭದ್ರತೆಯನ್ನು ಮನೆಗೆ ತಂದಿದ್ದ. ಇದೇ ಜಾತಿಯ ಇನ್ನೊಂದು ವಂಚನೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇವೆ. ಅದು ಕಂಪ್ಯೂಟರನ್ನು ಕಾಯುತ್ತೇನೆಂದು ಹೇಳಿ ಒಳಹೊಕ್ಕು, ಕಾಯಬೇಕಾದ್ದನ್ನೇ ಕೆಡಿಸುವ ಸುಳ್ಳು ಆಂಟಿವೈರಸ್ಸಿನ ಕತೆ. ಲಾಹೋರಿನಿಂದ ಹೊರಟು ಮುಂಬಯಿ, ಕೀವ್, ಅಮೆರಿಕಗಳನ್ನು ಸುತ್ತಿ ಕೊನೆಗೆ ನಮ್ಮ ಠಾಣೆ ಜಿಲ್ಲೆಯ ಮೀರಾ ರೋಡಿನವರೆಗೆ ಬರುವ ಕತೆಯಾದ್ದರಿಂದ ಇದನ್ನು ದೂರದ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ.

ವೈರಸ್ ಎಂದರೇನು?

ಜೀವಶಾಸ್ತ್ರದ ವೈರಸ್ ತನ್ನಷ್ಟಕ್ಕೆ ತಾನು ಬೆಳೆಯಲಾರದು. ಇನ್ನೊಂದು ಜೀವಕೋಶದ ಒಳಹೊಕ್ಕು, ಅದರ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಕಂಪ್ಯೂಟರ್ ವೈರಸ್ಸಿನ ರೀತಿಯೂ ಇದೇ. ಅದು ಕೆಲವು ಆದೇಶಗಳ ಸಾಲು, ಅಷ್ಟೇ. ಬೇರೊಂದು ತಂತ್ರಾಂಶಕ್ಕೋ ಡಿಸ್ಕಿನ ಮೊದಲ ಭಾಗಕ್ಕೋ ಅಂಟಿಕೊಂಡು, ಯಂತ್ರ ಚಾಲೂ ಆದಾಗ ತಾನೂ ಚಾಲೂ ಆಗಿ, ಮುಂದಿನ ಡಿಸ್ಕಿಗೆ ತನ್ನ ನಕಲನ್ನು ದಾಟಿಸುತ್ತದೆ.

ಮನೆ ಮತ್ತು ಕಚೇರಿಯ ಪಿ.ಸಿ.ಗಳಲ್ಲಿ ಹರಡಿದ ಮೊದಲ ವೈರಸ್ 'ಬ್ರೇನ್'. 1986ರಲ್ಲಿ ಲಾಹೋರಿನ ಅಮ್ಜದ್ ಮತ್ತು ಬಾಸಿತ್ ಫಾರೂಕ್ ಅಲ್ವಿ ಎಂಬ ಸಹೋದರರು ಇದನ್ನು ಬರೆದರು. ತಮ್ಮ ತಂತ್ರಾಂಶವನ್ನು ಜನ ಪುಕ್ಕಟೆ ನಕಲು ಮಾಡಿಕೊಳ್ಳುವುದನ್ನು ತಡೆಯಲು ಹೀಗೆ ಮಾಡಿದೆವೆಂಬುದು ಅವರ ವಿವರಣೆ. ವೈರಸ್ಸಿನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಅವರು ಬರೆದಿಟ್ಟಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಈ ಮೊದಲ ಪಿ.ಸಿ. ವೈರಸ್ ಕೂಡ ಕಾವಲಿನ ನೆಪದಿಂದಲೇ ಹುಟ್ಟಿತು.

ನಮ್ಮ ಮುಂಬಯಿಯೂ ಹಿಂದೆ ಬೀಳಲಿಲ್ಲ. 'ಪ್ರಿಂಟ್ ಸ್ಕ್ರೀನ್' ಎಂಬ ವೈರಸ್ 1989ರ ನವೆಂಬರಿನಲ್ಲಿ ಮುಂಬಯಿಯಲ್ಲಿ ಪತ್ತೆಯಾಯಿತು. ಮರುವರ್ಷ 'ಜೋಶಿ' ಕಾಣಿಸಿಕೊಂಡಿತು. ಜನವರಿ 5ರಂದು ಯಂತ್ರವನ್ನು ಚಾಲೂ ಮಾಡಿದರೆ ಪರದೆಯ ಮೇಲೆ 'ಹ್ಯಾಪಿ ಬರ್ತ್‌ಡೇ ಜೋಶಿ' ಎಂದು ಟೈಪು ಮಾಡಲು ಅಪ್ಪಣೆಯಾಗುತ್ತಿತ್ತು. ಹಾಗೆ ಶುಭಾಶಯ ಕೋರುವ ತನಕ ಯಂತ್ರ ಅಲ್ಲಾಡುತ್ತಿರಲಿಲ್ಲ. ಭಾರತದಲ್ಲೇ ಹುಟ್ಟಿತೆಂದು ನಂಬಲಾದ ಈ ಜೋಶಿ ಯಾರೆಂಬುದು ಲೋಕಕ್ಕೆ ತಿಳಿಯಲಿಲ್ಲ. ಆತನ ಹುಟ್ಟುಹಬ್ಬವನ್ನು ಮಾತ್ರ ದೇಶದೇಶಗಳ ಕಚೇರಿಗಳು ಒಲ್ಲದ ಮನಸ್ಸಿನಿಂದ ಆಚರಿಸಿದವು.

ಮೊದಲ ಸುಳ್ಳು ವೈದ್ಯ

ರೋಗ ಬಂದ ಮೇಲೆ ವೈದ್ಯರೂ ಬಂದರು, ವೈದ್ಯರ ಹಿಂದೆಯೇ ಸುಳ್ಳು ವೈದ್ಯರೂ ಬಂದರು. ಅಮೆರಿಕದ ರಾಸ್ ಗ್ರೀನ್‌ಬರ್ಗ್ ಎಂಬ ಪ್ರೋಗ್ರಾಮರ್ 'ಫ್ಲೂ ಶಾಟ್' ಎಂಬ ರಕ್ಷಕ ತಂತ್ರಾಂಶವನ್ನು ಬರೆದಿದ್ದರು. 1988ರಲ್ಲಿ ಯಾರೋ 'ಫ್ಲೂ ಶಾಟ್ 4' ಎಂಬ ಹೆಸರಿನಲ್ಲಿ ಅದರ ಖೋಟಾ ಆವೃತ್ತಿಯನ್ನು ಹಂಚಿದರು. ಹೆಸರು ರಕ್ಷಕನದು, ಕೆಲಸ ಭಕ್ಷಕನದು. ಗ್ರೀನ್‌ಬರ್ಗ್ ತಮ್ಮ ಅಸಲಿ ತಂತ್ರಾಂಶದ ಹೆಸರನ್ನೇ 'ಫ್ಲೂ ಶಾಟ್ ಪ್ಲಸ್' ಎಂದು ಬದಲಾಯಿಸಬೇಕಾಯಿತು. ಮ್ಯಾಕಫೀ ಕಂಪನಿಯೂ ತನ್ನ ಡಿಸ್ಕಿನ ಅಸಲಿತನವನ್ನು ತಾಳೆನೋಡಲು 'ವ್ಯಾಲಿಡೇಟ್' ಎಂಬ ಪ್ರತ್ಯೇಕ ಸಾಧನವನ್ನು ಕೊಡತೊಡಗಿತು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಸಹಿಯನ್ನು ದೃಢೀಕರಿಸಲು ಇನ್ನೊಂದು ಸಹಿ ಬೇಕಾಯಿತು.

ಇಲ್ಲಿ ಇನ್ನೊಂದು ಮಾತನ್ನೂ ಹೇಳದಿದ್ದರೆ ಚರಿತ್ರೆ ಅಪೂರ್ಣವಾದೀತು. ಅಸಲಿ ಆಂಟಿವೈರಸ್ ವ್ಯಾಪಾರವೂ ಭಯದ ನೆರವಿಲ್ಲದೆ ಬೆಳೆಯಲಿಲ್ಲ. 1992ರ ಮಾರ್ಚ್ 6ರಂದು 'ಮೈಕೆಲ್ಯಾಂಜೆಲೊ' ವೈರಸ್ ಸ್ಫೋಟಿಸಿ 50 ಲಕ್ಷದವರೆಗೂ ಯಂತ್ರಗಳು ಹಾಳಾಗಬಹುದೆಂಬ ಜಾನ್ ಮ್ಯಾಕಫೀಯವರ ಅಂದಾಜು ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಬಂತು. ಆ ದಿನ ಕೆಟ್ಟ ಯಂತ್ರಗಳು ಹತ್ತಿಪ್ಪತ್ತು ಸಾವಿರ ಮಾತ್ರ. ಆದರೆ ಅಷ್ಟರೊಳಗೆ ಅಂಗಡಿಗಳಲ್ಲಿ ಆಂಟಿವೈರಸ್ ಬಿಸಿಬಿಸಿಯಾಗಿ ಖರ್ಚಾಗಿತ್ತು. ಕಾಣದ ರೋಗಕ್ಕೆ ಕಾಣದ ಔಷಧಿಯನ್ನು ಜನ ಹಣ ಕೊಟ್ಟು ಕೊಳ್ಳುತ್ತಾರೆಂಬುದು ಅಂದು ಎಲ್ಲರಿಗೂ ತಿಳಿಯಿತು, ಕಳ್ಳರಿಗೂ ತಿಳಿಯಿತು.

ಭಾರತದಲ್ಲಿ ಈ ಔಷಧಿಯ ವ್ಯಾಪಾರ ಬಹುಪಾಲು ಪುಣೆಯಲ್ಲಿ ಬೆಳೆಯಿತು. ಕ್ಯಾಲ್ಕುಲೇಟರ್ ರಿಪೇರಿಯಿಂದ ಜೀವನ ಆರಂಭಿಸಿದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಸೇರಿ 1990ರ ದಶಕದ ನಡುವೆ ಆರಂಭಿಸಿದ ತಂತ್ರಾಂಶವೇ ಮುಂದೆ 'ಕ್ವಿಕ್ ಹೀಲ್' ಎಂದು ಹೆಸರಾಯಿತು. ರಿಪೇರಿಗೆ ಬಂದ ಯಂತ್ರಗಳಲ್ಲಿ ವೈರಸ್ಸನ್ನು ಕಣ್ಣಾರೆ ಕಂಡು, ಅದಕ್ಕೆ ಮದ್ದು ಅರೆದವರು ಇವರು. ಅಸಲಿ ವೈದ್ಯರಿಗೂ ಸುಳ್ಳು ವೈದ್ಯರಿಗೂ ಇರುವ ಮುಖ್ಯ ಭೇದ ಇಲ್ಲೇ ಇದೆ. ಅಸಲಿಯವನು ರೋಗವನ್ನು ಹುಡುಕುತ್ತಾನೆ, ಸುಳ್ಳಿನವನು ರೋಗಿಯನ್ನು ಹುಡುಕುತ್ತಾನೆ.

ಕೆಂಪು ಗುರಾಣಿಯ ಕಾಲ

ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮ ಕುಟುಂಬಗಳಲ್ಲೂ ಕಂಪ್ಯೂಟರ್ ಬಂತು. ಹೆಚ್ಚಿನವು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ ಜೋಡಿಸಿ ತಂದವು, ವಿಂಡೋಸ್ ಕೂಡ ಅನೇಕ ಕಡೆ ಯಾರದೋ ಸಿ.ಡಿ.ಯ ನಕಲು. ಮಕ್ಕಳ ಪ್ರಾಜೆಕ್ಟು, ಊರಿನ ಮದುವೆಯ ಫೋಟೋಗಳು, ಅಮೆರಿಕಕ್ಕೆ ಹೋದ ಮಗನ ಈಮೇಲ್ ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿ. ಸುಳ್ಳು ಆಂಟಿವೈರಸ್ಸಿನ ಸುಗ್ಗಿಯ ಕಾಲವೂ ಇದೇ, ಎಂದರೆ ಸುಮಾರು 2005ರಿಂದ 2011ರವರೆಗೆ.

ಅದರ ಕಾರ್ಯವಿಧಾನ ಸರಳ. ಯಾವುದೋ ಪುಟವನ್ನು ನೋಡುತ್ತಿರುವಾಗ ಪರದೆಯ ಮೇಲೆ ಇದ್ದಕ್ಕಿದ್ದಂತೆ ಕೆಂಪು ಗುರಾಣಿಯ ಚಿತ್ರ ಮೂಡುತ್ತದೆ. ನಿಮ್ಮ ಡಿಸ್ಕನ್ನು ತಪಾಸಿಸುತ್ತಿರುವಂತೆ ಹಸಿರು ಪಟ್ಟಿ ಓಡುತ್ತದೆ. ಕ್ಷಣದಲ್ಲಿ ಹತ್ತಾರು ವೈರಸ್ಸುಗಳ ಹೆಸರಿನ ಪಟ್ಟಿ ಬರುತ್ತದೆ. ವಾಸ್ತವವಾಗಿ ಯಾವ ತಪಾಸಣೆಯೂ ನಡೆದಿರುವುದಿಲ್ಲ. ಓಡಿದ್ದು ಬರೀ ಚಿತ್ರ. ಬೆಳಗಾವಿಯಲ್ಲಿ ನೋಡಿದರೂ ಬೋಸ್ಟನ್ನಿನಲ್ಲಿ ನೋಡಿದರೂ ಪಟ್ಟಿ ಒಂದೇ. ಹೆದರಿದವನು 'ಸರಿಪಡಿಸು' ಎಂಬ ಗುಂಡಿಯನ್ನು ಒತ್ತಿದನೆಂದರೆ ಆಗ ನಿಜವಾದ ರೋಗ ಒಳಗೆ ಬರುತ್ತದೆ. ಬಂದದ್ದು ಮೊದಲು ಅಸಲಿ ಆಂಟಿವೈರಸ್ಸನ್ನು ಕಟ್ಟಿಹಾಕುತ್ತದೆ, ತನ್ನನ್ನು ತೆಗೆಯುವ ದಾರಿಗಳನ್ನು ಮುಚ್ಚುತ್ತದೆ, ಮತ್ತೆ ಮತ್ತೆ ಗಂಟೆ ಬಾರಿಸುತ್ತ 30ರಿಂದ 100 ಡಾಲರ್ ಕೇಳುತ್ತದೆ. ಕತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಭ್ರಮಿಸುವುದನ್ನು ನಮ್ಮ ಹಿರಿಯರು ವೇದಾಂತದಲ್ಲಿ ಉದಾಹರಿಸುತ್ತಾರೆ. ಇಲ್ಲಿ ಹಗ್ಗವನ್ನು ಹಾವೆಂದು ತೋರಿಸಿ, ಹಾವಾಡಿಗನ ವೇಷದಲ್ಲಿ ಬಂದು, ಬುಟ್ಟಿಯಿಂದ ನಿಜವಾದ ಹಾವನ್ನೇ ಮನೆಯೊಳಗೆ ಬಿಡುತ್ತಾರೆ.

ಇದು ಪುಂಡ ಹುಡುಗರ ಆಟವಾಗಿರಲಿಲ್ಲ, ಲೆಕ್ಕಪತ್ರ ಇಟ್ಟು ನಡೆಸಿದ ವ್ಯಾಪಾರ. ಸಿಮ್ಯಾಂಟೆಕ್ ಕಂಪನಿಯ 2009ರ ವರದಿಯಂತೆ ಒಂದು ವರ್ಷದಲ್ಲಿ 250ಕ್ಕೂ ಹೆಚ್ಚು ಸುಳ್ಳು ರಕ್ಷಕಗಳಿಂದ 4 ಕೋಟಿ 30 ಲಕ್ಷ ಸಲ ಒಳನುಗ್ಗುವ ಪ್ರಯತ್ನ ನಡೆದಿತ್ತು. ಇದನ್ನು ಹರಡುವ ದಲ್ಲಾಳಿಗಳಿಗೆ ಯಂತ್ರವೊಂದಕ್ಕೆ ಇಷ್ಟೆಂದು ದರ ಗೊತ್ತಾಗಿತ್ತು. ಅಮೆರಿಕದ ಯಂತ್ರಕ್ಕೆ 55 ಸೆಂಟ್, ಬಡ ದೇಶಗಳ ಯಂತ್ರಕ್ಕೆ ಒಂದು ಸೆಂಟಿನವರೆಗೂ ಇಳಿಕೆ. 2010ರಲ್ಲಿ ಗೂಗಲ್ ಪ್ರಕಟಿಸಿದ ಅಧ್ಯಯನವು 13 ತಿಂಗಳಲ್ಲಿ 24 ಕೋಟಿ ಜಾಲಪುಟಗಳನ್ನು ಪರೀಕ್ಷಿಸಿ, ಇಂಥ ವಂಚನೆ ಹರಡುವ 11,000 ತಾಣಗಳನ್ನು ಗುರುತಿಸಿತು. 2009ರ ಸೆಪ್ಟೆಂಬರಿನಲ್ಲಂತೂ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಾಣದಲ್ಲೇ ಮಾರುವೇಷದ ಜಾಹೀರಾತಿನ ಮೂಲಕ ಇದು ಓದುಗರ ಮುಂದೆ ಬಂತು. ಒಳ್ಳೆಯ ಪುಟಗಳನ್ನಷ್ಟೇ ನೋಡುತ್ತೇವೆ, ನಮಗೇನೂ ಆಗದು ಎಂಬ ನಂಬಿಕೆ ಅಲ್ಲಿಗೆ ಕುಸಿಯಿತು.

ಈ ವ್ಯಾಪಾರದ ದೊಡ್ಡ ಮಳಿಗೆ ಉಕ್ರೇನಿನ ಕೀವ್ ನಗರದಲ್ಲಿತ್ತು. ಬೆಲೀಜ್ ದೇಶದಲ್ಲಿ ನೋಂದಾಯಿತವಾದ 'ಇನ್ನೋವೇಟಿವ್ ಮಾರ್ಕೆಟಿಂಗ್' ಎಂಬ ಸಂಸ್ಥೆ 'ವಿನ್‌ಫಿಕ್ಸರ್' ಮೊದಲಾದ ಹಲವು ಹೆಸರುಗಳಲ್ಲಿ ಇದನ್ನು ಮಾರಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. 2010ರ ಮೇ ತಿಂಗಳಲ್ಲಿ ಷಿಕಾಗೋದಲ್ಲಿ ಸಲ್ಲಿಕೆಯಾದ ದೋಷಾರೋಪದಂತೆ 60ಕ್ಕೂ ಹೆಚ್ಚು ದೇಶಗಳ ಜನರಿಂದ 10 ಕೋಟಿ ಡಾಲರಿಗೂ ಮಿಕ್ಕಿದ ಹಣ ಹೋಗಿತ್ತು. ದೂರು ಹೇಳುವವರ ಕರೆಗಳನ್ನು ಸ್ವೀಕರಿಸಿ ಸಮಾಧಾನಪಡಿಸಲು ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ಕಾಲ್ ಸೆಂಟರನ್ನೇ ಇಟ್ಟಿದ್ದರೆಂದರೆ ಇವರ ಅಚ್ಚುಕಟ್ಟುತನ ಎಷ್ಟೆಂಬುದನ್ನು ಊಹಿಸಬಹುದು.

ಆ ಸಮಾಧಾನದ ಗುಟ್ಟನ್ನು 2011ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದ ಸಂಶೋಧಕರು ಬಯಲಿಗೆಳೆದರು. ಮೂರು ಗುಂಪುಗಳ ಲೆಕ್ಕವೇ ಅವರ ಕೈಗೆ ಸಿಕ್ಕಿತ್ತು. ಬಲೆಗೆ ಬಿದ್ದ ನೂರರಲ್ಲಿ ಹಣ ಕೊಟ್ಟವರು ಇಬ್ಬರು ಮಾತ್ರ. ಅಷ್ಟರಿಂದಲೇ ಮೂರೂ ಗುಂಪುಗಳ ಆದಾಯ 13 ಕೋಟಿ ಡಾಲರ್. ಹಣ ವಾಪಸು ಕೇಳಿದವರಲ್ಲಿ ಕೆಲವರಿಗೆ ಅವರು ಮರುಮಾತಿಲ್ಲದೆ ಕೊಟ್ಟುಬಿಡುತ್ತಿದ್ದರು. ಇದು ಧರ್ಮಬುದ್ಧಿಯಿಂದಲ್ಲ. ಬ್ಯಾಂಕಿಗೆ ಹೋಗುವ ದೂರುಗಳು ಮಿತಿ ಮೀರಿದರೆ ಕ್ರೆಡಿಟ್ ಕಾರ್ಡಿನ ಹಾದಿ ಮುಚ್ಚುತ್ತದೆ ಎಂಬ ಭಯದಿಂದ. ಜಗತ್ತನ್ನೆಲ್ಲ ಹೆದರಿಸಿದವರು ಹೆದರಿದ್ದು ಬ್ಯಾಂಕಿಗೆ.

ನಮ್ಮ ಉಪನಗರಗಳಲ್ಲಿ ಆ ಕಾಲದಲ್ಲಿ ಕ್ರೆಡಿಟ್ ಕಾರ್ಡು ಇದ್ದ ಮನೆಗಳು ಕಡಿಮೆ. ಎರಡು ಸಾವಿರ ರೂಪಾಯಿ ವಿದೇಶಕ್ಕೆ ಕಳಿಸುವ ಮನಸ್ಸಿದ್ದವರು ಇನ್ನೂ ಕಡಿಮೆ. ಆದ್ದರಿಂದ ನಮ್ಮವರ ನಷ್ಟ ಡಾಲರಿನಲ್ಲಿ ಆಗಲಿಲ್ಲ. ಯಂತ್ರ ಕೆಟ್ಟಿತೆಂದು ಸ್ಟೇಷನ್ ಹತ್ತಿರದ ರಿಪೇರಿಯವನನ್ನು ಕರೆದರೆ ಆತ ಹೇಳುತ್ತಿದ್ದುದು ಒಂದೇ ಮಂತ್ರ, 'ಫಾರ್ಮ್ಯಾಟ್ ಮಾಡಬೇಕು.' ಫಾರ್ಮ್ಯಾಟ್ ಎಂದರೆ ಪಾಟಿಯನ್ನು ಒರೆಸಿದಂತೆ. ವೈರಸ್ಸಿನ ಜತೆಗೆ ಅಜ್ಜಿಯ ಕೊನೆಯ ಫೋಟೋಗಳೂ, ಊರಿನ ತೇರಿನ ವಿಡಿಯೋವೂ ಹೋಗುತ್ತಿದ್ದವು. ಯಾವ ವರದಿಯ ಅಂಕಿಗಳಲ್ಲೂ ಈ ನಷ್ಟ ಸೇರಿಲ್ಲ.

ಸುಗ್ಗಿ ಮುಗಿದದ್ದು ಹೇಗೆ?

2011ರ ಜೂನಿನಲ್ಲಿ ಅಮೆರಿಕದ ಎಫ್.ಬಿ.ಐ. ಹಲವು ದೇಶಗಳ ಪೊಲೀಸರೊಡನೆ ಕೂಡಿ 'ಟ್ರೈಡೆಂಟ್ ಟ್ರಿಬ್ಯೂನಲ್' ಎಂಬ ಕಾರ್ಯಾಚರಣೆ ನಡೆಸಿ ಹತ್ತಾರು ಸರ್ವರುಗಳನ್ನು ವಶಪಡಿಸಿಕೊಂಡಿತು. ಅದರಲ್ಲಿ ಒಂದು ಗುಂಪೇ 9 ಲಕ್ಷ 60 ಸಾವಿರ ಜನರಿಂದ 7 ಕೋಟಿ 20 ಲಕ್ಷ ಡಾಲರ್ ಸುಲಿದಿತ್ತು. ಅದೇ ವರ್ಷ ಕಾರ್ಡಿನ ಹಣ ದಾಟಿಸಿ ಕೊಡುತ್ತಿದ್ದ ಮಧ್ಯವರ್ತಿಗಳ ಮೇಲೂ ಬಿಗಿ ಬಂತು. ಮೈಕ್ರೋಸಾಫ್ಟ್ 2009ರಲ್ಲಿ ಉಚಿತ ಆಂಟಿವೈರಸ್ ಹೊರತಂದು, 2012ರ ವಿಂಡೋಸ್ 8ರಲ್ಲಿ ಅದನ್ನು ಯಂತ್ರದೊಳಗೇ ಕೂಡಿಸಿ ಕೊಟ್ಟಿತು. ಮನೆಯಲ್ಲೇ ಮದ್ದಿದ್ದವನು ಸಂತೆಯ ವೈದ್ಯನ ಕೂಗಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ. ಪೊಲೀಸರ ಲಾಠಿಗಿಂತ ಈ ಎರಡು ಸಂಗತಿಗಳು, ಎಂದರೆ ಹಣದ ಹಾದಿ ಮುಚ್ಚಿದ್ದು ಮತ್ತು ಅಸಲಿ ಔಷಧಿ ಪುಕ್ಕಟೆಯಾದದ್ದು, ಹೆಚ್ಚು ಕೆಲಸ ಮಾಡಿದವೆಂದು ನಮ್ಮ ಅಭಿಪ್ರಾಯ.

ಆದರೆ ಭಯದ ವ್ಯಾಪಾರ ನಿಲ್ಲಲಿಲ್ಲ, ಅಂಗಡಿಯನ್ನು ಬದಲಾಯಿಸಿತು. 2012ರ ಅಕ್ಟೋಬರ್ ಮೊದಲ ವಾರದಲ್ಲಿ ಅಮೆರಿಕದ ಅದೇ ಟ್ರೇಡ್ ಕಮಿಷನ್ ಎರಡು ಪ್ರಕಟಣೆ ಹೊರಡಿಸಿತು. ಒಂದರಲ್ಲಿ ಕೀವ್ ಸಂಸ್ಥೆಯ ಪ್ರಕರಣದಲ್ಲಿ 16 ಕೋಟಿ 30 ಲಕ್ಷ ಡಾಲರಿನ ತೀರ್ಪು. ಇನ್ನೊಂದರಲ್ಲಿ ಫೋನ್ ಮಾಡಿ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಎಂದು ಹೆದರಿಸಿ 49ರಿಂದ 450 ಡಾಲರ್ ಕೀಳುತ್ತಿದ್ದ ಆರು ಗುಂಪುಗಳ ಮೇಲೆ ಮೊಕದ್ದಮೆ. ಈ ಆರು ಗುಂಪುಗಳಲ್ಲಿ ಹೆಚ್ಚಿನವು ಇದ್ದದ್ದು ಭಾರತದಲ್ಲಿ. ಪರದೆಯ ಮೇಲಿನ ಕೆಂಪು ಗುರಾಣಿಗೆ ಈಗ ನಮ್ಮ ದೇಶದ ದನಿ ಬಂದಿತ್ತು.

ಅವರ ತಂತ್ರವೂ ತಿಳಿಯತಕ್ಕದ್ದೇ. ವಿಂಡೋಸಿನಲ್ಲಿ 'ಈವೆಂಟ್ ವ್ಯೂವರ್' ಎಂಬ ದಿನಚರಿ ಪುಸ್ತಕವಿದೆ. ಆರೋಗ್ಯವಂತ ಯಂತ್ರದಲ್ಲೂ ಅದರಲ್ಲಿ ಕೆಂಪು ಗುರುತಿನ ಸಣ್ಣಪುಟ್ಟ ದಾಖಲೆಗಳು ಇದ್ದೇ ಇರುತ್ತವೆ. ಫೋನಿನವನು ಅದನ್ನು ತೆರೆಸಿ, 'ನೋಡಿದಿರಾ, ಎಲ್ಲವೂ ವೈರಸ್' ಎನ್ನುತ್ತಿದ್ದ. ಕಚೇರಿಯ ಜಾವಕ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಕಂಡು ಕಚೇರಿಯೇ ಮುಳುಗಿತೆಂದು ಹೇಳಿದ ಹಾಗೆ.

ಮೀರಾ ರೋಡ್, 2016

ಈಗ ನಮ್ಮ ಅಂಗಳಕ್ಕೆ ಬರೋಣ. 2016ರ ಅಕ್ಟೋಬರ್ ಆರಂಭದಲ್ಲಿ ಠಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ರಾತ್ರಿ ದಾಳಿ ಮಾಡಿ 700ಕ್ಕೂ ಹೆಚ್ಚು ಮಂದಿಯನ್ನು ವಿಚಾರಣೆಗೆ ತಡೆದರು, ಸುಮಾರು 70 ಮಂದಿಯನ್ನು ಬಂಧಿಸಿದರು. ಇಲ್ಲಿ ಮಾರುತ್ತಿದ್ದ ಭಯ ವೈರಸ್ಸಿನದಲ್ಲ, ತೆರಿಗೆಯದು. ಅಮೆರಿಕದ ತೆರಿಗೆ ಇಲಾಖೆಯ ಅಧಿಕಾರಿಗಳೆಂದು ಹೇಳಿಕೊಂಡು, ಬಾಕಿ ಕಟ್ಟದಿದ್ದರೆ ಪೊಲೀಸರು ಬಾಗಿಲಿಗೆ ಬರುತ್ತಾರೆಂದು ಅಲ್ಲಿಯ ಮುದುಕರನ್ನು, ವಲಸಿಗರನ್ನು ಬೆದರಿಸಿ, ಗಿಫ್ಟ್ ಕಾರ್ಡುಗಳ ನಂಬರುಗಳನ್ನು ಪಡೆಯುತ್ತಿದ್ದರು. ಆದರೆ ರೀತಿ ಅದೇ. ಇಲ್ಲದ ಅಪಾಯವನ್ನು ತೋರಿಸುವುದು, ಯೋಚಿಸಲು ಸಮಯ ಕೊಡದಿರುವುದು, ತಾನೇ ರಕ್ಷಕನೆನ್ನುವುದು. ಅದೇ ತಿಂಗಳ 27ರಂದು ಅಮೆರಿಕದ ನ್ಯಾಯ ಇಲಾಖೆ ಅಹಮದಾಬಾದಿನ ಕಾಲ್ ಸೆಂಟರುಗಳೂ ಸೇರಿದಂತೆ 61 ವ್ಯಕ್ತಿ ಮತ್ತು ಸಂಸ್ಥೆಗಳ ಮೇಲೆ ದೋಷಾರೋಪ ಹೊರಿಸಿತು. 15,000ಕ್ಕೂ ಹೆಚ್ಚು ಜನ ಹಣ ಕಳೆದುಕೊಂಡಿದ್ದರೆಂದು ಅದು ತಿಳಿಸಿತು.

ಮೀರಾ ರೋಡಿನಲ್ಲಿ ಆ ರಾತ್ರಿ ಕುರ್ಚಿಗಳಲ್ಲಿ ಕೂತಿದ್ದವರಲ್ಲಿ ಬಹುಪಾಲು ಇಪ್ಪತ್ತರ ಹರೆಯದವರು. ನಮ್ಮ ನಮ್ಮ ಬಡಾವಣೆಗಳ, ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡುವ ಮನೆಗಳ ಮಕ್ಕಳು. ಇಂಗ್ಲಿಷ್ ಮಾತನಾಡಬಲ್ಲ ಹುಡುಗ ಹುಡುಗಿಯರಿಗೆ ಕೈತುಂಬ ಸಂಬಳವೆಂಬ ಜಾಹೀರಾತು ಕಂಡು ಸೇರಿದವರು. ಐರೋಲಿ, ಮಹಾಪೆಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವ ಸಾವಿರಾರು ಯುವಕರ ನಡುವೆ ಇಂಥ ಒಂದು ಬಾಗಿಲೂ ತೆರೆದಿರುತ್ತದೆ. ಹೊರಗಿನಿಂದ ಎರಡೂ ಒಂದೇ: ಗಾಜಿನ ಕಟ್ಟಡ, ರಾತ್ರಿ ಪಾಳಿ, ಕರೆದೊಯ್ಯಲು ಕಾರು. ತಂದೆತಾಯಿಯಾದವರು ಮೂರು ಪ್ರಶ್ನೆ ಕೇಳಿದರೆ ಸಾಕು. ನೇಮಕದ ಪತ್ರ ಇದೆಯೇ? ಪ್ರಾವಿಡೆಂಟ್ ಫಂಡಿನ ನಂಬರು ಕೊಟ್ಟಿದ್ದಾರೆಯೇ? ಫೋನಿನಲ್ಲಿ ನೀನು ಯಾರೆಂದು ಹೇಳಿಕೊಳ್ಳುತ್ತೀಯೆ? ಮೂರನೆಯದಕ್ಕೆ ಮಗು ತಡವರಿಸಿದರೆ ಸಂಬಳದ ಮೊತ್ತವನ್ನು ಕೇಳುವ ಅಗತ್ಯವೇ ಇಲ್ಲ. ಹಣ ಕಳೆದುಕೊಂಡವನು ಮತ್ತೆ ದುಡಿದಾನು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪೊಲೀಸ್ ದಾಖಲೆಯಲ್ಲಿ ಹೆಸರು ಬರೆಸಿಕೊಂಡವನು ಸರಕಾರಿ ನೌಕರಿಯ ಅರ್ಜಿಯನ್ನು ಹೇಗೆ ತುಂಬಿಸಿಯಾನು?

ನವಿ ಮುಂಬಯಿಯ ಪಕ್ಕದಲ್ಲೇ ಇನ್ನೊಂದು ಪಾಠವೂ ನಡೆಯಿತು. 2017ರ ಜೂನ್ 27ರಂದು 'ನಾಟ್‌ಪೆಟ್ಯಾ' ಎಂಬ ದಾಳಿಯಿಂದ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಮರ್ಸ್ಕ್ ಸಮೂಹದ ಕಂಟೇನರ್ ಧಕ್ಕೆ ಸ್ಥಗಿತವಾಯಿತು. ಉಕ್ರೇನಿನಲ್ಲಿ ಎಲ್ಲರೂ ನಂಬಿದ್ದ ಲೆಕ್ಕಪತ್ರ ತಂತ್ರಾಂಶವೊಂದರ ಅಧಿಕೃತ ಅಪ್‌ಡೇಟಿನಲ್ಲೇ ವಿಷ ಬೆರೆಸಿದ್ದರು. ಬೀಗದ ಕೈ ಕದಿಯುವ ಬದಲು ಬೀಗ ಮಾಡುವವನ ಅಂಗಡಿಗೇ ನುಗ್ಗಿದಂತೆ.

ಇಂದಿನ ಸ್ಥಿತಿ

ಕಂಪ್ಯೂಟರಿನಿಂದ ಮೊಬೈಲಿಗೆ ಬಂದರೂ ಕತೆ ಬದಲಾಗಲಿಲ್ಲ. 2014ರಲ್ಲಿ 'ವೈರಸ್ ಶೀಲ್ಡ್' ಎಂಬ ಆಪ್ ಸುಮಾರು 4 ಡಾಲರಿಗೆ ಹತ್ತು ಸಾವಿರಕ್ಕೂ ಹೆಚ್ಚು ಖರ್ಚಾಯಿತು. ಒತ್ತಿದರೆ ಗುರಾಣಿಯ ಮೇಲಿನ ತಪ್ಪು ಗುರುತು ಸರಿ ಗುರುತಾಗುತ್ತಿತ್ತು. ಅದರ ಕೆಲಸ ಅಷ್ಟೇ. ಗೂಗಲ್ ಕೊಂಡವರಿಗೆಲ್ಲ ಹಣ ಹಿಂದಿರುಗಿಸಿತು. 2019ರಲ್ಲಿ ಆಸ್ಟ್ರಿಯದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ 250 ಮೊಬೈಲ್ ಆಂಟಿವೈರಸ್ಸುಗಳನ್ನು ಪರೀಕ್ಷಿಸಿದಾಗ ಸಾಧಾರಣ ಪರೀಕ್ಷೆಯಲ್ಲಿ ಪಾಸಾದವು 80 ಮಾತ್ರ. ದೊಡ್ಡ ಅಂಗಡಿಗಳೂ ಇದಕ್ಕೆ ಹೊರತಲ್ಲ. ಗಿರಾಕಿಯ ಯಂತ್ರದಲ್ಲಿ ಇಲ್ಲದ ರೋಗ ತೋರಿಸಿ ರಿಪೇರಿ ಮಾರಿದ ಆಪಾದನೆಗೆ ಅಮೆರಿಕದ ಆಫೀಸ್ ಡಿಪೋ ಮತ್ತು ಅದರ ಸಹಯೋಗಿ ಸಂಸ್ಥೆ 2019ರಲ್ಲಿ 3 ಕೋಟಿ 50 ಲಕ್ಷ ಡಾಲರ್ ತೆತ್ತು ರಾಜಿಯಾದವು.

ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಇದೆ. ವೈರಸ್ ಸೇರಿಸುವುದು ಅದರ 43ನೆಯ ಕಲಮಿಗೆ ಬರುತ್ತದೆ. ಕಂಪ್ಯೂಟರಿನ ಮೂಲಕ ಇನ್ನೊಬ್ಬರ ವೇಷದಲ್ಲಿ ವಂಚಿಸಿದರೆ 66-ಡಿ ಕಲಮಿನಂತೆ ಮೂರು ವರ್ಷದವರೆಗೆ ಸಜೆ. ಸಿ.ಬಿ.ಐ. 2023ರ ಅಕ್ಟೋಬರಿನಲ್ಲಿ 'ಚಕ್ರ-2' ಎಂಬ ಕಾರ್ಯಾಚರಣೆಯಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಕೇಂದ್ರ ಸರಕಾರದ 'ಸೈಬರ್ ಸ್ವಚ್ಛತಾ ಕೇಂದ್ರ' 2017ರಿಂದ ಯಂತ್ರ ಶುದ್ಧಿಯ ಸಾಧನಗಳನ್ನು ಉಚಿತವಾಗಿ ಕೊಡುತ್ತಿದೆ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಹಾದಿಯಲ್ಲೇ ತಡೆಯುವ ಸಂಭವ ಹೆಚ್ಚು.

ಮೀರಾ ರೋಡಿನಿಂದ ಅಮೆರಿಕದ ಮುದುಕರಿಗೆ ಹೋಗುತ್ತಿದ್ದಂಥ ಕರೆ ಈಗ ನಮ್ಮ ಮುದುಕರಿಗೇ ಬರುತ್ತಿದೆ. ಅದರ ಹೊಸ ಹೆಸರು 'ಡಿಜಿಟಲ್ ಅರೆಸ್ಟ್'. ಪೊಲೀಸ್ ಸಮವಸ್ತ್ರದವನು ವಿಡಿಯೋದಲ್ಲಿ ಕಾಣಿಸಿಕೊಂಡು ಬಾಗಿಲು ಹಾಕಿ ಕೂರಲು ಹೇಳುತ್ತಾನೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಆಕಾಶವಾಣಿಯಲ್ಲಿ ಹೇಳಬೇಕಾಯಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದ್ದು ತಂತ್ರಜ್ಞಾನವಲ್ಲ. ಕೇಳದೆ ಬಂದ ರಕ್ಷಕನನ್ನು ನಂಬಬಾರದು. ಅವಸರಪಡಿಸುವವನ ಮಾತಿಗೆ ಅವಸರಪಡಬಾರದು. ಪರದೆಯ ಮೇಲೆ ಬಂದ ನಂಬರಿಗೆ ಫೋನ್ ಮಾಡಬಾರದು. ಇಷ್ಟನ್ನು ಮನೆಯ ಹಿರಿಯರಿಗೆ ಇಂಗ್ಲಿಷಿನಲ್ಲಲ್ಲ, ಅವರ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಕೂತು ಹೇಳಬೇಕು. ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ, ಮಕ್ಕಳು ಪರದೇಶದಲ್ಲಿದ್ದು, ಪರದೆಯ ಇಂಗ್ಲಿಷನ್ನು ಅರ್ಧ ಓದಿ ಪೂರ್ತಿ ಹೆದರುವ ತಾಯಿತಂದೆಯರು ನಮ್ಮ ನಡುವೆ ಅನೇಕರಿದ್ದಾರೆ. ಅವರು ಪಕ್ಕದ ಮನೆಯವರನ್ನು ಕೇಳಲು ಸಂಕೋಚಪಡುತ್ತಾರೆ. ವಂಚಕ ಬದುಕುವುದು ಆ ಸಂಕೋಚದ ಮೇಲೆಯೇ. ಪರಸ್ಥಳದಲ್ಲಿ ನಮ್ಮವರು ಸಂಘ ಕಟ್ಟಿಕೊಂಡದ್ದು ನಾಟಕ, ಯಕ್ಷಗಾನಗಳಿಗಾಗಿ ಮಾತ್ರವಲ್ಲ, ಸಂಕೋಚವಿಲ್ಲದೆ ಕೇಳಬಹುದಾದ ನಾಲ್ಕು ಮನೆಗಳು ಇರಲೆಂದು. ಆ ನಾಲ್ಕು ಮನೆಗಳ ಬಾಗಿಲು ತೆರೆದಿದ್ದರೆ ಅದಕ್ಕಿಂತ ಒಳ್ಳೆಯ ಬೇಲಿ ಬೇರೆ ಬೇಕಿಲ್ಲ.